ಹುಡುಕಿದವರಿಗೆ ಸಿಗದ ಕನ್ನಡ



ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ನೆಲದಲ್ಲಿ 1970ರ ದಶಕದ ಕೊನೆಗೆ ಕಿಯೋನಿಕ್ಸ್ ಸಂಸ್ಥೆಯು ಎಲೆಕ್ಟ್ರಾನಿಕ್ ಸಿಟಿಯನ್ನು ರೂಪಿಸಿತು. ಅಲ್ಲಿಂದ ಜಗತ್ತಿಗೆಲ್ಲ ತಂತ್ರಾಂಶ ಹೋಯಿತು. ಆದರೆ ಅಂತರಜಾಲದ ಎಷ್ಟೋ ಕನ್ನಡ ಪುಟಗಳು ಬಹುಕಾಲ ಶೋಧಯಂತ್ರದ ಕಣ್ಣಿಗೆ ಬೀಳಲೇ ಇಲ್ಲ.

ದೋಷವಿದ್ದುದು ಅಕ್ಷರದಲ್ಲಿ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಪರದೆಯ ಮೇಲೆ ‘ಕೆರೆ’ ಎಂದು ಕಾಣುವುದು ಗಣಕದೊಳಗೆ ರೋಮನ್ ಅಕ್ಷರ, ಚಿಹ್ನೆಗಳ ಅರ್ಥವಿಲ್ಲದ ಸಾಲು. ಯಂತ್ರವು ಓದುವುದು ಒಳಗಿನದನ್ನು. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಸಂಕೇತಗಳಿದ್ದವು. ಬಳಕೆ ಮಾತ್ರ ತಡವಾಯಿತು. ಚಿತ್ರವಾಗಿ ಏರಿಸಿದ ಕರಪತ್ರದ ಗತಿಯೂ ಬಹುಮಟ್ಟಿಗೆ ಅದೇ.

ಇನ್ನು ಶೀರ್ಷಿಕೆ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿತು. ಅದನ್ನರಿಯಬಯಸುವವರು ‘ಬೆಳ್ಳಂದೂರು ಕೆರೆ ಬೆಂಕಿ’ ಎಂದೇ ಹುಡುಕುತ್ತಾರೆ. ಲೇಖನಕ್ಕೆ ‘ಜಲದ ಅಳಲು’ ಎಂದು ಹೆಸರಿಟ್ಟು ಊರಿನ ಹೆಸರನ್ನೇ ಮರೆತರೆ (ಪರಿಸರ ಬರಹಗಾರರಿಗೆ ಈ ಚಾಳಿ ಹೆಚ್ಚು) ಅದು ಯಾರಿಗೆ ಸಿಕ್ಕೀತು? ಹಾಗೆ ಹಿಂದೆ ಸರಿದ ಪುಟದ ಮುಂದೆ, ವೈಟ್‌ಫೀಲ್ಡ್ ಕಡೆಯ ನಿವೇಶನಗಳ ಜಾಹೀರಾತು ನಿಲ್ಲಬಹುದು.

1998ರಲ್ಲಿ ಲ್ಯಾರಿ ಪೇಜ್, ಸರ್ಗೆ ಬ್ರಿನ್ ಮಂಡಿಸಿದ ಗೂಗಲ್ ವಿಧಾನದಲ್ಲಿ, ಒಂದು ಪುಟಕ್ಕೆ ಇತರ ಪುಟಗಳು ನೀಡುವ ಕೊಂಡಿಯೇ ಸಾಕ್ಷಿ. ಸಾಕ್ಷಿಯ ತೂಕ ಸಾಕ್ಷಿದಾರನ ಯೋಗ್ಯತೆಯಂತೆ. ಕೊಂಡಿಗಳನ್ನು ಹಣಕ್ಕೆ ಕೊಂಡದ್ದು ಪತ್ತೆಯಾದರೆ ಪುಟ ಹಿಂದಕ್ಕೆ ಸರಿಯುತ್ತದೆ. ಪೀಣ್ಯದ ಸಣ್ಣ ಕಾರ್ಖಾನೆಗೂ ಮಲೆಯ ಹಳ್ಳಿಗೂ ಈ ನಿಯಮ ಒಂದೇ.

ಆದುದರಿಂದ ಮೊದಲ ಕೆಲಸ ಹಳೆಯ ಕಡತಗಳದು. ಅವನ್ನು ಯುನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಒತ್ತಕ್ಷರಗಳು ತಪ್ಪುವುದುಂಟು, ವಿದ್ಯಾರ್ಥಿಗಳು ಸಾಲುಸಾಲಾಗಿ ಓದಿ ತಿದ್ದಬೇಕು. ಹಳ್ಳ, ಕಾನು, ಬೆಟ್ಟಗಳ ಹೆಸರುಗಳನ್ನು ಊರಿನ ಹಿರಿಯರಿಂದ ಕೇಳಿ ಬರೆದುಕೊಳ್ಳಬೇಕು.