ಹಾಡಿಯ ನರಿ, ಪೇಟೆಯ ನರಿ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತು)



ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಶಾಲೆಯ ನೆನಪು ಹೇಳಿ ಎಂದು ಸಮಿತಿಯವರು ಕೇಳಿದರು. ನೆನಪು ಹೇಳುವವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ, ನಾನು ನರಿಯ ವಿಷಯ ಮಾತಾಡುತ್ತೇನೆ ಎಂದೆ. ನಕ್ಕರು, ಆದರೂ ಒಪ್ಪಿದರು.

ನಾವು ಓದುವ ಕಾಲದಲ್ಲಿ ದೀಪ ಹಚ್ಚುವ ಹೊತ್ತಿಗೆ ಹೊಳೆಯಾಚೆಯ ಹಾಡಿಯಲ್ಲಿ ಒಂದು ನರಿ ಕೂಗಿದರೆ, ಬೈಲಿನ ಈಚೆಯಿಂದ ಇನ್ನೊಂದು ಉತ್ತರ ಕೊಡುತ್ತಿತ್ತು. ಅಬ್ಬಿ ಒಳಗಿನಿಂದಲೇ, "ನರಿ ಕೂಗ್ತಿತ್ತ್, ಕೋಳಿಗೂಡಿನ ಬಾಗ್ಲ್ ಹಾಕಿದ್ಯಾ ಕಾಣ್" ಎನ್ನುತ್ತಿದ್ದಳು. ಆ ಕೂಗು ನಮ್ಮನ್ನು ಹೆದರಿಸಲಿಕ್ಕಲ್ಲ. ನರಿ ಜೋಡಿಯಾಗಿ ಸಂಸಾರ ಮಾಡುವ ಪ್ರಾಣಿ. ಈ ಹಾಡಿ ನಮ್ಮದು ಎಂದು ಪಕ್ಕದ ಸಂಸಾರಕ್ಕೆ ತಿಳಿಸುವ ಬಗೆ ಅದು.

ಹತ್ತನೇ ತರಗತಿಯ ವರ್ಷ ಒಂದೇ ವಾರದಲ್ಲಿ ನಮ್ಮ ನಾಲ್ಕು ಕೋಳಿ ಹೋದವು. ಗೂಡಿನ ಬಾಗಿಲು ಹಾಕದೆ ಮಲಗಿದವನು ನಾನೇ. ಸಿಟ್ಟಿನಲ್ಲಿ, ತೋಟಕ್ಕೆಂದು ತಂದಿಟ್ಟ ವಿಷವನ್ನು ಉಳಿದಿದ್ದ ಕೋಳಿಮಾಂಸಕ್ಕೆ ಸವರಿ ಹಾಡಿಯ ಅಂಚಿನಲ್ಲಿಟ್ಟು ಬಂದೆ. ಬೆಳಿಗ್ಗೆ ಹೋಗಿ ನೋಡಿದರೆ ನರಿ ಸತ್ತಿತ್ತು. ಹತ್ತು ಮಾರು ಆಚೆ ನಮ್ಮ ನಾಯಿ ಕಾಳುವೂ ಬಿದ್ದಿತ್ತು. ಅಪ್ಪಯ್ಯ ನನಗೆ ಹೊಡೆಯಲಿಲ್ಲ, ಬೈಯಲೂ ಇಲ್ಲ. ಹಾರೆ ತಂದು ಎರಡನ್ನೂ ಹೂಳಿದರು. ತಿಂಗಳು ಕಳೆಯುವುದರೊಳಗೆ ಅದೇ ಹಾಡಿಯಿಂದ ಮತ್ತೆ ನರಿ ಕೂಗಿತು.

ಅದು ಯಾಕೆ ಹಾಗಾಯಿತು ಎಂಬುದು ನನಗೆ ಅರ್ಥವಾದದ್ದು ಬಹಳ ವರ್ಷಗಳ ಮೇಲೆ, ಅಮೆರಿಕದ ಕಯೋಟಿಯ ಬಗ್ಗೆ ಓದುವಾಗ. ಕಯೋಟಿ ಎಂದರೆ ನಮ್ಮ ನರಿಯ ದಾಯಾದಿ ಎನ್ನಿ. ಮೈಕಟ್ಟು ಸ್ವಲ್ಪ ದೊಡ್ಡದು, ಬುದ್ಧಿ ಅದೇ. ಷಿಕಾಗೋದಂಥ ಮಹಾನಗರದಲ್ಲಿ ಅದು ಸಂಸಾರ ಹೂಡಿಕೊಂಡಿದೆ. 2007ರ ಏಪ್ರಿಲಿನಲ್ಲಿ ಒಂದು ಕಯೋಟಿ ಹಾಡಹಗಲೇ ಅಲ್ಲಿಯ ಪೇಟೆಯ ತಿಂಡಿ ಅಂಗಡಿಯೊಂದಕ್ಕೆ ನಡೆದು ಬಂದು, ತಂಪು ಪಾನೀಯ ಇಡುವ ಪೆಟ್ಟಿಗೆಯೊಳಗೆ ಮಲಗಿಬಿಟ್ಟಿತ್ತು. ಯಾರನ್ನೂ ಕಚ್ಚಲಿಲ್ಲ. ಸ್ಟಾನ್ಲಿ ಗೆರ್ಟ್ ಎಂಬ ವಿಜ್ಞಾನಿ ಮತ್ತವರ ತಂಡ 2000ದಿಂದ ಆ ನಗರದ ಕಯೋಟಿಗಳ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ಹಿಂಬಾಲಿಸುತ್ತಿದ್ದಾರೆ. ಅವು ಜನ ಓಡಾಡುವ ಹಗಲನ್ನು ಬಿಟ್ಟು ರಾತ್ರಿಗೆ ಬದುಕು ಬದಲಿಸಿಕೊಂಡಿವೆ. ಸಾಯುವುದು ಹೆಚ್ಚಾಗಿ ವಾಹನದ ಅಡಿಗೆ ಬಿದ್ದು. 1,400ಕ್ಕೂ ಹೆಚ್ಚು ಹಿಕ್ಕೆಗಳನ್ನು ಬಿಡಿಸಿ ನೋಡಿದಾಗ ನೂರಕ್ಕೆ 42ರಲ್ಲಿ ಇಲಿ ಜಾತಿಯ ಸಣ್ಣ ಪ್ರಾಣಿಗಳು ಸಿಕ್ಕವು. ಹಣ್ಣು, ಮೊಲ, ಜಿಂಕೆ ಆಮೇಲಿನವು. ಸಾಕಿದ ಬೆಕ್ಕು ಸಿಕ್ಕಿದ್ದು ತೀರಾ ಅಪರೂಪ. (ಹಿಕ್ಕೆ ಬಿಡಿಸುವ ಕೆಲಸಕ್ಕೂ ಸಂಬಳ ಇದೆ, ಮಕ್ಕಳೇ.)

ಪ್ರತಿ ಜೋಡಿಗೂ ಒಂದೊಂದು ಎಲ್ಲೆ ಇರುತ್ತದೆ. ಆ ಜೋಡಿ ಇರುವಷ್ಟು ದಿನ ಹೊರಗಿನವು ಒಳಗೆ ಕಾಲಿಡುವುದಿಲ್ಲ. ಅದನ್ನು ಕೊಂದರೆ ಜಾಗ ಖಾಲಿ. ಜಾಗವಿಲ್ಲದೆ ಅಲೆಯುವ ಎಳೆಯವು ಬಂದು ಸೇರುತ್ತವೆ. ನಾನು ಕೊಂದದ್ದು ಒಂದು ನರಿಯನ್ನು, ಖಾಲಿ ಮಾಡಿಕೊಟ್ಟದ್ದು ಒಂದು ಮನೆಯನ್ನು.

ನಮ್ಮ ನರಿಗೂ ಪೇಟೆ ಹೊಸದಲ್ಲ. ಮುಂಬಯಿಯಲ್ಲಿ ಹೋಟೆಲು ನಡೆಸುವ ನಮ್ಮೂರಿನವರು ಇಲ್ಲಿ ಬೇಕಾದಷ್ಟು ಇದ್ದೀರಿ. ಅಲ್ಲಿಯ ಕಡಲ ಹಿನ್ನೀರಿನ ಕಾಂಡ್ಲಾ ಕಾಡುಗಳಲ್ಲಿ, ಸುತ್ತ ಬಹುಮಹಡಿ ಕಟ್ಟಡಗಳಿರುವಾಗಲೇ, ಇದೇ ನರಿಗಳು ಏಡಿ, ಇಲಿ ಹಿಡಿದು ಬದುಕುತ್ತಿವೆ. ಹಾಲಾಡಿಯಲ್ಲಿ ಅದು ಹಲಸು, ಮಾವು, ಗದ್ದೆಯ ಇಲಿ, ಏಡಿ, ಹುಳುಹುಪ್ಪಟೆ, ಸತ್ತ ದನ ಎಲ್ಲವನ್ನೂ ತಿನ್ನುತ್ತದೆ. ಭತ್ತದ ಗದ್ದೆಯ ಇಲಿಗೆ ಅದಕ್ಕಿಂತ ಅಗ್ಗದ ಮದ್ದು ನನಗೆ ಗೊತ್ತಿಲ್ಲ. ಹೀಗಿದ್ದರೂ ನಾವು ಅದಕ್ಕೆ ಕಟ್ಟಿದ್ದು ಮೋಸಗಾರನ ಪಟ್ಟ. ಅದಕ್ಕಿಂತ ಕೆಟ್ಟದ್ದು ನರಿಕೊಂಬಿನ ವ್ಯಾಪಾರ. ನರಿಗೆ ಕೊಂಬೇ ಇಲ್ಲ. ಅದೃಷ್ಟಕ್ಕೆಂದು ಮಾರುವುದು ಚರ್ಮ ಕೂದಲು ಸೇರಿಸಿ ಮಾಡಿದ ಕೃತಕ ವಸ್ತು. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ನರಿ ಮೊದಲನೇ ಅನುಸೂಚಿಯಲ್ಲಿದೆ, ಹುಲಿಯ ಸಾಲಿನಲ್ಲೇ.

ಈಗ ನಿನ್ನೆ ರಾತ್ರಿಯ ವಿಷಯ. ತಮ್ಮನ ಮನೆಯಲ್ಲಿ ಉಳಿದಿದ್ದೆ. ಹತ್ತು ಗಂಟೆಗೆ ರಸ್ತೆಯಲ್ಲಿ ನಡೆದು ಬರುವಾಗ ಗೋಣಿಚೀಲದಿಂದ ಚೆಲ್ಲಿದ ಕೋಳಿಯ ಕರುಳು, ಪುಕ್ಕದ ರಾಶಿ ಕಂಡಿತು. ಐದಾರು ನಾಯಿ ಎಳೆದಾಡುತ್ತಿದ್ದವು. ಟಾರ್ಚು ಬಿಟ್ಟಾಗ ಅವುಗಳಿಂದ ಸ್ವಲ್ಪ ದೂರದಲ್ಲಿ ಎರಡು ಕಣ್ಣು ಹೊಳೆದವು, ಬಾಲ ತಗ್ಗಿಸಿ ಕಾಯುತ್ತಿದ್ದ ನರಿ. ಊರಿಗೆ ಬಂದು ನರಿ ಕಂಡೆನಲ್ಲ ಎಂದು ಸಂತೋಷ ಆಗಬೇಕಿತ್ತು, ಆಗಲಿಲ್ಲ. ಹಾಡಿಯಲ್ಲಿ ಇಲಿ ಹುಡುಕಬೇಕಾದ ಪ್ರಾಣಿಯನ್ನು ನಾವೇ ರಸ್ತೆಗೆ ಕರೆದು ನಾಯಿಗಳ ಜೊತೆ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದೇವೆ. ಹುಚ್ಚುನಾಯಿ ರೋಗ ನಾಯಿಯಿಂದ ನರಿಗೆ, ನರಿಯಿಂದ ನಾಯಿಗೆ ದಾಟುವುದು ಇಂಥ ಕಚ್ಚಾಟದಲ್ಲೇ. ಅಲ್ಲಿಂದ ಶಾಲೆಗೆ ನಡೆದು ಬರುವ ಮಕ್ಕಳಿಗೆ ಎಷ್ಟು ದೂರ?

ಮಕ್ಕಳೇ, ಇಷ್ಟನ್ನು ಬರೆದುಕೊಳ್ಳಿ. ನಾಯಿಯಾಗಲಿ ನರಿಯಾಗಲಿ ಕಚ್ಚಿದರೆ, ಪರಚಿದರೂ ಸರಿ, ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಕಾಫಿಪುಡಿ ಏನನ್ನೂ ಹಚ್ಚಬಾರದು. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಅವರು ಹೇಳಿದ ಒಂದು ದಿನವನ್ನೂ ತಪ್ಪಿಸದೆ ಲಸಿಕೆ ಹಾಕಿಸಿಕೊಳ್ಳಬೇಕು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿದವರು ಇಲ್ಲವೆಂಬಷ್ಟು ಕಡಿಮೆ. ಮರಿಗಳಿರುವ ಬಿಲ ಕಂಡರೆ ಹೊಗೆ ಹಾಕುವುದು, ಕೋಲು ತೂರುವುದು ಬೇಡ, ಬಂದ ದಾರಿಯಲ್ಲಿ ಹಿಂದೆ ಹೋಗಿ.

ದೊಡ್ಡವರಿಗೆ ನನ್ನದು ಒಂದೇ ಕೋರಿಕೆ. ಕೋಳಿಗೂಡಿಗೆ ಗಟ್ಟಿ ಬಾಗಿಲು, ಮಾಂಸದ ತ್ಯಾಜ್ಯಕ್ಕೆ ಆಳದ ಗುಂಡಿ. ಪಂಚಾಯಿತಿಯ ಸದಸ್ಯರು ಮುಂದಿನ ಸಾಲಿನಲ್ಲೇ ಕೂತಿದ್ದೀರಿ, ಗುಂಡಿಯ ಜಾಗ ಎಲ್ಲಿ ಎಂದು ಊಟದ ಹೊತ್ತಿಗೆ ನಿಮ್ಮನ್ನೇ ಕೇಳುತ್ತೇನೆ.

ಇವತ್ತು ಮಧ್ಯಾಹ್ನ ಇಲ್ಲಿ ಸಾವಿರ ಎಲೆ ಬೀಳುತ್ತದೆ. ಆಟದ ಬಯಲಿನ ಹಿಂದೆ ಗುಂಡಿ ತೋಡಿಸಿದ್ದೇವೆ ಎಂದು ಅಡುಗೆ ಸಮಿತಿಯವರು ಈಗಷ್ಟೇ ಹೇಳಿದರು. ಸಂಜೆ ಯಕ್ಷಗಾನಕ್ಕೆ ಚೆಂಡೆ ಬೀಳುವ ಮೊದಲು ಅದಕ್ಕೆ ಮಣ್ಣು ಮುಚ್ಚಲು ನಾಲ್ಕು ಜನ ಬೇಕಂತೆ. ನನ್ನ ಹೆಸರು ಕೊಟ್ಟಿದ್ದೇನೆ. ಇನ್ನು ಮೂವರು ಬನ್ನಿ.