ಯಂತ್ರಕ್ಕೆ ಪಾಠ ಹೇಳಿದವರ ಪಾಲೆಷ್ಟು?

(ಜಮಾಅತ್ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಕೃತಕ ಬುದ್ಧಿಮತ್ತೆಯು ಎಲ್ಲರನ್ನೂ ಉದ್ಧರಿಸುತ್ತದೆಂದು ಕೆಲವರು ಹೇಳುತ್ತಾರೆ. ಎಲ್ಲರ ಅನ್ನವನ್ನೂ ಕಸಿಯುತ್ತದೆಂದು ಇನ್ನು ಕೆಲವರು ಹೆದರಿಸುತ್ತಾರೆ. ಈ ಎರಡೂ ಮಾತುಗಳಲ್ಲಿ 'ಎಲ್ಲರೂ' ಎಂಬ ಪದವೇ ಸರಿಯಲ್ಲ. ಲಾಭ ಪಡೆಯುವವರು ಬೇರೆ, ನಷ್ಟ ಹೊರುವವರು ಬೇರೆ.

ಈ ತಂತ್ರಜ್ಞಾನಕ್ಕೆ ಬೇಕಾದ ಚಿಪ್‌ಗಳನ್ನು ರೂಪಿಸುವ ಅಮೆರಿಕದ ಎನ್ವಿಡಿಯಾ ಕಂಪೆನಿಯ ಮಾರುಕಟ್ಟೆ ಮೌಲ್ಯವು 2025ರ ಅಕ್ಟೋಬರ್‌ನಲ್ಲಿ 5 ಲಕ್ಷ ಕೋಟಿ ಡಾಲರ್ ದಾಟಿತು. ಇನ್ನೊಂದೆಡೆ, ಜಗತ್ತಿನ ಸುಮಾರು ಶೇ. 40ರಷ್ಟು ಉದ್ಯೋಗಗಳ ಮೇಲೆ ಇದರ ಪ್ರಭಾವ ಬೀಳಲಿದೆಯೆಂದೂ ಅಸಮಾನತೆ ಹಿಗ್ಗುವ ಸಂಭವವಿದೆಯೆಂದೂ ಅಂತಾರಾಷ್ಟ್ರೀಯ ಹಣಕಾಸು ನಿಧಿಯು 2024ರ ಜನವರಿಯಲ್ಲಿ ಎಚ್ಚರಿಸಿತ್ತು. ಲೆಕ್ಕಪತ್ರ, ಡಾಟಾ ಎಂಟ್ರಿ, ಕಾಲ್ ಸೆಂಟರ್‌ಗಳಂತಹ ಕೆಲಸಗಳಿಗೆ ಈ ಅಪಾಯ ಹೆಚ್ಚು. ನಮ್ಮ ಪಟ್ಟಣಗಳ ಅನೇಕ ಯುವಕರು ಬೆಂಗಳೂರಿಗೋ ಗಲ್ಫಿಗೋ ಹೊರಡುವುದು ಇಂತಹ ಕೆಲಸಗಳನ್ನು ನಂಬಿಯೇ.

ಆದರೆ ಈ ಯಂತ್ರ ತಾನಾಗಿಯೇ ಕಲಿತದ್ದಲ್ಲ. ಯಾವುದು ಸರಿ, ಯಾವುದು ಹೇಸಿಗೆ ಎಂಬುದನ್ನು ಅದಕ್ಕೆ ಮನುಷ್ಯರೇ ಕಲಿಸಬೇಕು. ಚಾಟ್‌ಜಿಪಿಟಿಯನ್ನು ತಯಾರಿಸಿದ ಓಪನ್‌ಎಐ ಕಂಪೆನಿಗಾಗಿ ಕೆನ್ಯಾದ ನೈರೋಬಿಯಲ್ಲಿ ಈ ಕೆಲಸ ನಡೆದ ಬಗೆಯನ್ನು 'ಟೈಮ್' ಪತ್ರಿಕೆಯು 2023ರ ಜನವರಿಯಲ್ಲಿ ಬಯಲಿಗೆಳೆಯಿತು. ಹಿಂಸೆ ಮತ್ತು ಅತ್ಯಾಚಾರದ ವರ್ಣನೆಗಳನ್ನು ದಿನವಿಡೀ ಓದಿ ಗುರುತು ಹಾಕಿದವರ ಕೈಗೆ ಸಿಕ್ಕಿದ್ದು ಗಂಟೆಗೆ 1.32ರಿಂದ 2 ಡಾಲರ್. ಗುತ್ತಿಗೆ ಪಡೆದ ಕಂಪೆನಿಗೆ ಗೊತ್ತುಪಡಿಸಿದ್ದ ದರ ಗಂಟೆಗೆ 12.50 ಡಾಲರ್. ಮಾನಸಿಕ ಆಘಾತ ಮಾತ್ರ ಪೂರ್ತಿಯಾಗಿ ಕಾರ್ಮಿಕರ ಪಾಲಿಗೆ ಬಂತು.

ಇಸ್ಲಾಮಿನ ಆರ್ಥಿಕ ವ್ಯವಸ್ಥೆಯಲ್ಲಿ 'ಮುದಾರಬ' ಎಂಬುದೊಂದಿದೆ. ಒಬ್ಬನ ಬಂಡವಾಳ, ಇನ್ನೊಬ್ಬನ ದುಡಿಮೆ. ಲಾಭದ ಪಾಲು ಮೊದಲೇ ನಿಶ್ಚಯವಾಗಿರಬೇಕು. ದುಡಿದವನ ತಪ್ಪಿಲ್ಲದೆ ಹಣ ನಷ್ಟವಾದರೆ ಅದನ್ನು ಬಂಡವಾಳ ಹೂಡಿದವನೇ ಹೊರಬೇಕು. ದುಡಿದವನಿಗೆ ಅವನ ಶ್ರಮವೇ ನಷ್ಟ. ಹಝ್ರತ್ ಖದೀಜಾ(ರ)ರ ಸರಕನ್ನು ಪ್ರವಾದಿ(ಸ)ರು ಸಿರಿಯಾಕ್ಕೆ ಕೊಂಡೊಯ್ದುದೂ ಇಂತಹ ಪಾಲುದಾರಿಕೆಯಲ್ಲಿಯೇ. ಇಂದಿನ ಬಂಡವಾಳಶಾಹಿಯು ಈ ನ್ಯಾಯವನ್ನು ತಲೆಕೆಳಗು ಮಾಡಿದೆ. ಲಾಭ ಹಣಕ್ಕೆ, ನಷ್ಟ ಬೆವರಿಗೆ!

ಬೇರೆ ದಾರಿಯೇ ಇಲ್ಲವೆನ್ನುವಂತಿಲ್ಲ. ಬೆಂಗಳೂರಿನ 'ಕಾರ್ಯ' ಎಂಬ ಸಂಸ್ಥೆಯು ಕರ್ನಾಟಕದ ಹಳ್ಳಿಗಳ ಜನರಿಂದ ಕನ್ನಡ ವಾಕ್ಯಗಳನ್ನು ಮೊಬೈಲಿನಲ್ಲಿ ಓದಿಸಿ ಯಂತ್ರಗಳಿಗೆ ಒದಗಿಸುತ್ತದೆ. 2023ರಲ್ಲಿ ಅದು ಗಂಟೆಗೆ ಸುಮಾರು 5 ಡಾಲರ್ ಕೊಡುತ್ತಿತ್ತು. ಧ್ವನಿಯು ಮತ್ತೆ ಮಾರಾಟವಾದರೆ ಅದರ ಪಾಲನ್ನೂ ಓದಿದವರಿಗೇ ಕೊಡುವ ಏರ್ಪಾಡು ಮಾಡಿತ್ತು. ಇದು ಕಾಯಂ ಉದ್ಯೋಗವಲ್ಲ, ನಿಜ. ಆದರೆ ಪಾಲು ಕೊಡಲು ಅಸಾಧ್ಯವೆಂಬ ದೊಡ್ಡ ಕಂಪೆನಿಗಳ ನೆಪವನ್ನು ಇದು ಸುಳ್ಳಾಗಿಸಿದೆ.

ಕೇಳದೆ ಯಾರೂ ಪಾಲು ಕೊಡುವುದಿಲ್ಲ. 2023ರಲ್ಲಿ ಹಾಲಿವುಡ್‌ನ ಬರಹಗಾರರು 148 ದಿನ ಮುಷ್ಕರ ಹೂಡಿ, ಈ ಯಂತ್ರದ ಬಳಕೆಗೆ ಷರತ್ತುಗಳನ್ನು ಒಪ್ಪಿಸಿಕೊಂಡರು. ಮನೆಮನೆಗೆ ಊಟ ತಲುಪಿಸುವ ನಮ್ಮ ಹುಡುಗರ ಯಜಮಾನ ಕೂಡಾ ಇಂದು ಕಣ್ಣಿಗೆ ಕಾಣದ ಯಂತ್ರವೇ. 2025ರ ಕರ್ನಾಟಕದ ಗಿಗ್ ಕಾರ್ಮಿಕರ ಕಾನೂನು, ಕೆಲಸ ಹಂಚುವ ಆ ಯಂತ್ರದ ಮಾನದಂಡಗಳನ್ನು ತಿಳಿಯುವ ಹಕ್ಕನ್ನು ಅವರಿಗೆ ನೀಡಿದೆ. ಆದರೆ ಹಕ್ಕಿದೆಯೆಂಬುದೇ ತಿಳಿಯದವನಿಗೆ ಕಾನೂನಿನಿಂದೇನು ಪ್ರಯೋಜನ?

ಆದ್ದರಿಂದ ಹೆತ್ತವರಲ್ಲಿ ನನ್ನ ವಿನಂತಿಯಿಷ್ಟೇ. ಮಕ್ಕಳಿಗೆ ಈ ವಿದ್ಯೆಯನ್ನು ಕಲಿಸಿರಿ. ಜೊತೆಗೆ ಒಪ್ಪಂದ ಪತ್ರವನ್ನು ಓದಿ ಸಹಿ ಹಾಕುವುದನ್ನೂ ಕಲಿಸಿರಿ. ಜಮಾಅತ್‌ಗಳು ಕಾರ್ಮಿಕ ಕಾನೂನು ಬಲ್ಲವರನ್ನು ಕರೆಸಿ ಯುವಕರಿಗೆ ತಿಳುವಳಿಕೆ ನೀಡಲಿ. ಅನ್ಯಾಯಕ್ಕೊಳಗಾದವನು ಯಾವ ಧರ್ಮದವನಾದರೂ ಅವನ ಪರ ನಿಲ್ಲಲಿ. ಸಂಪತ್ತು ಶ್ರೀಮಂತರ ನಡುವೆಯೇ ಸುತ್ತಬಾರದೆಂಬುದು ಕುರ್‌ಆನಿನ ಆಶಯ. ಆ ಆಶಯವನ್ನು ಯಂತ್ರಗಳ ಈ ಕಾಲದಲ್ಲಿಯೂ ಎತ್ತಿಹಿಡಿಯುವ ಸ್ಥೈರ್ಯವನ್ನು ಅಲ್ಲಾಹನು ನಮಗೆ ಅನುಗ್ರಹಿಸಲಿ. ಆಮೀನ್.