ಪಾಳಿ, ಪಥ್ಯ, ಜೋಳದ ರೊಟ್ಟಿ
ತೂಕ ಇಳಿಸಲೆಂದು ಊಟವನ್ನು ಏಕಾಏಕಿ ಅರ್ಧಕ್ಕಿಳಿಸಿದರೆ ಮೊದಲ ವಾರ ಕರಗುವುದು ಬಹುಪಾಲು ನೀರು; ಆಮೇಲೆ ಕೊಬ್ಬಿನ ಜೊತೆ ಸ್ನಾಯುವೂ ಸವೆಯುತ್ತದೆ. ದೇಹ ತನ್ನ ಖರ್ಚು ತಗ್ಗಿಸಿ ಹಸಿವನ್ನು ಹೆಚ್ಚಿಸುತ್ತದೆ. ಇಳಿದ ತೂಕ ಮರಳುವುದು ಬಹುಮಟ್ಟಿಗೆ ಇದರಿಂದಲೇ. ಮನಸ್ಸು ಗಟ್ಟಿಯಿಲ್ಲವೆಂದು ಹಂಗಿಸುವುದು ಅನ್ಯಾಯ.

ಮಹಾರಾಷ್ಟ್ರದ ಸಾಂಗಲಿ, ಮಿರಜಗಳಿಗೆ ಹೊಂದಿಕೊಂಡ ಕುಪವಾಡ ಎಂಐಡಿಸಿ ಕೈಗಾರಿಕಾ ಪ್ರದೇಶದಂಥ ಕಡೆ ಪಾಳಿಯಲ್ಲಿ ದುಡಿಯುವವರಿಗೆ ಗಡಿಯಾರ ನೋಡಿ ಉಣ್ಣುವ ಪಥ್ಯ ಒಗ್ಗುವುದೂ ಇಲ್ಲ. ನಿದ್ದೆಗೆಟ್ಟಾಗ ಹಸಿವು ಕೆರಳುತ್ತದೆ, ಕೈ ವಡಾಪಾವ್, ಸಕ್ಕರೆ ಚಹಾದತ್ತ ಹೋಗುತ್ತದೆ. ಮದ್ದು ಈ ಸೀಮೆಯ ಬುತ್ತಿಯಲ್ಲೇ ಇದೆ: ಬಿಳಿಜೋಳದ ರೊಟ್ಟಿ, ಝುಣಕ, ಮೊಳಕೆ ಮಡಕಿ ಪಲ್ಯ, ಹಸಿ ಉಳ್ಳಾಗಡ್ಡಿ, ಒಂದು ಚಮಚ ಶೇಂಗಾ ಹಿಂಡಿ. ನೂರು ಗ್ರಾಂ ಜೋಳದಲ್ಲಿ ಹಸಿವು ತಡೆಯುವ ನಾರು ಸುಮಾರು 10 ಗ್ರಾಂ. ಪಾಲಿಶ್ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ. ಮಳೆ ಕಡಿಮೆಯಿರುವ, ಇದೇ ಸಾಂಗಲಿ ಜಿಲ್ಲೆಯ ಜತ್ತ ಕಡೆಯ ಹೊಲಗಳಲ್ಲಿ ಹಿಂಗಾರಿ ಜೋಳ ಮಣ್ಣಿನ ತೇವದಲ್ಲೇ ಬೆಳೆಯುತ್ತದೆ, ನೀರೂ ಉಳಿಯುತ್ತದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲಷ್ಟೇ ಪೇಟೆಯ ಎಷ್ಟೋ ಮಂದಿಗೆ ಈ ಜೋಳ ‘ಡಯಟ್’ ಆಯಿತು!

ರೊಟ್ಟಿಯನ್ನೂ ಲೆಕ್ಕವಿಲ್ಲದೆ ಉಂಡರೆ ತೂಕ ಏರುವುದೇ. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು ಊಟ ಬದಲಿಸುವ ಮೊದಲು ವೈದ್ಯರನ್ನು ಕೇಳಬೇಕು.